ಓಟ್ಟೆ ವಂಡಿ

ಹಳೆಯ ಕಾರನ್ನು ಓಡಿಸುವವಳೂ ಗ್ಯಾರೇಜಿಗೆ ಒಯ್ಯುವವಳೂ ನಾನೇ. ಆದರೂ ನನ್ನನ್ನು ಒಂದು ಮಾತು ಕೇಳದೆ, ಅದನ್ನು ಮಾರಿ ಎಲೆಕ್ಟ್ರಿಕ್ ಕಾರು ತರಲು ನಮ್ಮ ಯಜಮಾನರು ಮಾಧವರಂನಿಂದ ತಮಿಳು ದಲ್ಲಾಳಿಯೊಬ್ಬನನ್ನು ಕರೆಸಿದರು. ನಾನು ಆಗತಾನೇ ಒರೆಸಿದ್ದ ಬಾನೆಟ್ಟಿನ ಮೇಲೆ ಅವನು ಉಗುರಿನಿಂದ ಕುಟ್ಟಿ, “ಓಟ್ಟೆ ವಂಡಿ ಸಾರ್” ಎಂದ.

ಯಜಮಾನರು ಹಿಗ್ಗಿದರು. “ಹೌದೌದು, ಒಳ್ಳೇ ಓಟ!”

ನನಗೆ ಮೈಯೆಲ್ಲ ಉರಿಯಿತು. “ಓಟ ಅಲ್ಲರೀ, ತೂತುಬಿದ್ದ ಗಾಡಿ ಅಂತಿದಾನೆ! ತಮಿಳೂ ಬರಲ್ಲ, ಗೇರೂ ಹಾಕಲ್ಲ, ವ್ಯಾಪಾರಕ್ಕೆ ಮಾತ್ರ ಮುಂದೆ!”

“ಎಲೆಕ್ಟ್ರಿಕ್ ಬಂದ್ರೆ ನಿನಗೇ ಸುಖ ಕಣೇ.”

“ಚಾರ್ಜ್ ಎಲ್ಲಿ ಮಾಡ್ಲಿ? ಕೆಳಗೆ ಪ್ಲಗ್ ಹಾಕೋಕೆ ಅಸೋಸಿಯೇಷನ್‌ನೋರು ಬಿಟ್ಟಿಲ್ಲ. ಮೂರನೇ ಮಹಡಿಯಿಂದ ವೈರ್ ಇಳಿಬಿಡ್ಲಾ?”

ಮಾರುವುದಿಲ್ಲವೆಂದು ದಲ್ಲಾಳಿಗೆ ನಾನೇ ತಮಿಳಿನಲ್ಲಿ ಹೇಳಿದೆ. ಆಗಲೂ ಅವನು ಕೇಳಿಸದವನಂತೆ, ಓಡಿಸಿ ನೋಡಲು ಕೀಲಿಗಾಗಿ ಕೈ ಚಾಚಿದ್ದು ಯಜಮಾನರ ಕಡೆಗೇ. ಕೀಲಿ ನನ್ನ ಮುಷ್ಟಿಯಲ್ಲಿತ್ತು.