ಇನ್ನೊಬ್ಬರು ಗೆದ್ದ ಅಮೆರಿಕ

ಇವತ್ತು ಲ್ಯಾಬಿನ ಡ್ರಾಯರ್ ಖಾಲಿ ಮಾಡುವಾಗ ಒಂದು ಮಾತ್ರೆ ಪುಡಿಯಾಗಿ ಕೈಗೆಲ್ಲ ಕಿತ್ತಳೆ ವಾಸನೆ ಹತ್ತಿತು. ಎಷ್ಟು ಸೋಪು ಹಾಕಿದರೂ ಹೋಗಲಿಲ್ಲ. ಮುಂದಿನ ತಿಂಗಳಿಂದ ಲ್ಯಾಬ್ ಇರುವುದಿಲ್ಲ ಎಂದು ಮಧ್ಯಾಹ್ನ ಹೇಳಿದ್ದಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಇಂಡಸ್ಟ್ರಿಯಲ್ ಏರಿಯಾದ ಲಾರಿಗಳ ನಡುವೆ ಕಾರು ಸಿಕ್ಕಿಕೊಂಡಿದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ, ಆದ್ದರಿಂದ ನಿಮಗೆ ಚಂದ್ರುವಿನ ಕತೆ ಹೇಳುತ್ತೇನೆ.

ಚಂದ್ರು ನಮ್ಮ ಔಷಧ ಕಾರ್ಖಾನೆಯ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದ. ಹೆಂಡತಿ ಸುಧಾ ಬ್ಯಾಂಕ್ ಕೆಲಸ ಬಿಡಲಾಗದೆ ಬೆಂಗಳೂರಿನಲ್ಲೇ ಇದ್ದಳು. ಈ ಪರದೇಶದ ಊರಲ್ಲಿ ಅವನೂ ನಾನೂ ನ್ಗಾರಾ ಬಡಾವಣೆಯಲ್ಲಿದ್ದುದರಿಂದ ಅವನ ಕಾರಿನಲ್ಲೇ ನನ್ನ ಓಡಾಟ. ನಾವು ತಯಾರಿಸುತ್ತಿದ್ದ ಮಕ್ಕಳ ಮಾತ್ರೆಗಳಿಗೆ ಅಮೆರಿಕದ ನೆರವಿನ ಹಣವೇ ಆಧಾರ. ಅಲ್ಲಿ ಚುನಾವಣೆ ನಡೆದು ಆಡಳಿತ ಬದಲಾಯಿತು, ಹಣ ನಿಂತಿತು, ನಮ್ಮ ಆರ್ಡರೂ ನಿಂತಿತು.

ಅಂದಿನಿಂದ ಚಂದ್ರುವಿಗೆ ಒಂದು ಚಟ ಹತ್ತಿತು. ಜಾಮಿನಲ್ಲಿ ಎಂಜಿನ್ ಆರಿಸಿದನೆಂದರೆ ಸೋತ ಅಭ್ಯರ್ಥಿಯನ್ನು ಮಾತಿನಲ್ಲೇ ಗೆಲ್ಲಿಸಿಬಿಡುತ್ತಿದ್ದ. ಆ ಅಮೆರಿಕದಿಂದ ಆರ್ಡರ್ ದುಪ್ಪಟ್ಟಾಗಿ ಬರುತ್ತಿತ್ತು, ಹೊಸ ಯಂತ್ರ ಬಂದಿಳಿಯುತ್ತಿತ್ತು, ಮೂರನೇ ಶಿಫ್ಟ್ ಶುರುವಾಗುತ್ತಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ. ಹುಟ್ಟದೇ ಹೋದ ಕೂಸನ್ನು ಶಾಲೆಗೂ ಸೇರಿಸಿದವನು ಇವನೊಬ್ಬನೇ.

“ಆ ಲೋಕದಲ್ಲಿ ಈ ಜಾಮಾದ್ರೂ ಇರಲ್ಲ ತಾನೆ?” ಎಂದು ಕೆಣಕುತ್ತಿದ್ದೆ.

“ಇನ್ನೂ ಜಾಸ್ತಿ ಇರತ್ತೆ ಮೇಡಂ. ಲಾರೀಲಿರೋದೆಲ್ಲಾ ನಮ್ಮ ಮಾಲೇ ಅಲ್ವಾ.”

ಒಂದು ಭಾನುವಾರ ಸುಧಾ ನನಗೆ ಫೋನ್ ಮಾಡಿದಳು. “ಅಕ್ಕಾ, ಗ್ರೈಂಡರ್ ಇಲ್ಲಿಂದ್ಲೇ ತರ್ಲಾ, ಅಲ್ಲೂ ಸಿಗತ್ತಾ?”

“ಯಾಕೆ, ಬರ್ತಿದ್ದೀಯಾ?”

“ಇವ್ರು ಹೇಳ್ಲಿಲ್ವಾ? ಮೂರನೇ ಶಿಫ್ಟ್ ಶುರುವಾಯ್ತಂತಲ್ಲ. ಈ ವಾರ ಬ್ಯಾಂಕಿಗೆ ರಿಸೈನ್ ಮಾಡ್ತಿದ್ದೀನಿ.”

ಗಂಡ ಹೇಳಬೇಕಾದ್ದನ್ನು ನಾನು ಹೇಳುವುದು ಸರಿಯಲ್ಲವೆಂದು, “ಇಲ್ಲಿ ಪ್ಲಗ್ ಬೇರೆ ಥರದ್ದು, ಎರಡು ದಿನ ತಡಿ” ಎಂದಷ್ಟೇ ಹೇಳಿದೆ.

ಮರುದಿನ ಜಾಮಿನಲ್ಲಿ ಅವನು ಬಾಯಿ ತೆರೆಯುವ ಮೊದಲೇ ಗ್ರೈಂಡರಿನ ಸುದ್ದಿ ಎತ್ತಿದೆ. ಅವನು ಸ್ಟೇರಿಂಗ್ ನೋಡುತ್ತಲೇ ಹೇಳಿದ.

“ಮೊದ್ಲು ಸುಮ್ನೆ ಹೇಳ್ದೆ ಮೇಡಂ. ಅವಳು ನಕ್ಳು. ಎಷ್ಟು ತಿಂಗಳಾಗಿತ್ತು ಅವಳು ನಕ್ಕು. ಆಮೇಲೆ ದಿನಾ ಹೇಳ್ದೆ.”

“ಈಗ್ಲೇ ಫೋನ್ ಮಾಡು,” ಎಂದೆ. ಕೋಪವೂ ಬಂದಿತ್ತು, ಅಯ್ಯೋ ಪಾಪ ಎಂದೂ ಅನಿಸಿತ್ತು.

ಮಾಡಿದ. ಇಳಿದು ದೂರ ಹೋಗೋಣವೆಂದರೆ ಎರಡೂ ಕಡೆ ಲಾರಿ. ಸ್ಪೀಕರಿನಲ್ಲಿ ಸುಧಾ ಎಲ್ಲ ಕೇಳಿಸಿಕೊಂಡಳು.

“ಆರ್ಡರ್ ಹೋಗಿದ್ದಕ್ಕೆ ಬೇಜಾರಿಲ್ಲ ಕಣ್ರೀ,” ಎಂದಳು ಕಡೆಗೆ. “ಇಷ್ಟು ದಿನ ನಾನು ಯಾರ ಜೊತೆ ಮಾತಾಡ್ತಿದ್ದೆ?”

ಅವಳ ಕೆಲಸ ಉಳಿಯಿತು. ಚಂದ್ರು ಬೆಂಗಳೂರಿಗೆ ಹಿಂತಿರುಗಿದ. ಚೆನ್ನಾಗಿದ್ದಾರೆ, ಆದರೆ ಅವನು ಸೊಪ್ಪು ತಂದೆ ಎಂದರೂ ಅವಳು ಚೀಲ ತೆರೆದು ನೋಡುತ್ತಾಳಂತೆ.

ಇಗೋ, ಮುಂದಿನ ಲಾರಿ ಅಲುಗಿತು. ನಿಮ್ಮಲ್ಲಿ ಮುಚ್ಚುಮರೆ ಏಕೆ, ನಾನೂ ಈಗ ಸೋತ ಆ ಇನ್ನೊಬ್ಬರನ್ನು ಗೆಲ್ಲಿಸಿ ನೋಡಿದೆ. ಲ್ಯಾಬ್ ಉಳಿಯಿತು, ನನಗೆ ಬಡ್ತಿಯೂ ಸಿಕ್ಕಿತು. ಮನೆ ತಲುಪುವವರೆಗೂ ಸುಖವಾಗಿತ್ತು.

ಬಾಗಿಲು ತೆರೆದ ಮಗಳು ಫೋನಿನಿಂದ ತಲೆಯೆತ್ತದೆ ಕೇಳಿದಳು: “ಹೌ ವಾಸ್ ವರ್ಕ್, ಅಮ್ಮಾ?” ದಿನವೂ ಕೇಳುತ್ತಾಳೆ, ದಿನವೂ ನಾನು ಇಲ್ಲಿಯವರೆಲ್ಲ ಹೇಳುವಂತೆ “ಸವಾ, ಎಲ್ಲ ಸರಿ” ಎನ್ನುತ್ತೇನೆ. ಅದೇ ಮಾತು ನಾಲಿಗೆಯವರೆಗೆ ಬಂತು.

“ಚೆನ್ನಾಗಿರ್ಲಿಲ್ಲ ಪುಟ್ಟಿ,” ಎಂದೆ. “ಅಪ್ಪನ್ನೂ ಕರಿ.”