ಟ್ರಾಕ್ಟರ್ ತೂತಿಗೆ ಗಂಧದಕಡ್ಡಿ

ಹೋದ ಭಾನುವಾರ ನಾನು ನಮ್ಮ ಟ್ರಾಕ್ಟರ್ ಬೆನ್ನಿಗೆ ಗಂಧದಕಡ್ಡಿ ಚುಚ್ಚಿದೆ. ಒಂದಲ್ಲ, ಎರಡು. ಹೇಳಿ ಮಾಡಿಸಿದ ಹಾಗೆ ಎರಡು ಹೊಸ ತೂತು ಇದ್ವು. ನೀವಾಗಿದ್ರೆ ಸುಮ್ನೆ ಬಿಡ್ತಿದ್ರಾ?

ಮೊದಲಿಂದ ಹೇಳ್ತೀನಿ. ಇಲ್ಲಾಂದ್ರೆ ಎಲ್ಲಾ ಮುದುಕಿದೇ ತಪ್ಪು ಅಂತೀರಿ.

ನಮ್ಮನೆ ಆನೇಕಲ್ ರಸ್ತೆಯಲ್ಲಿ. ಹೊಲದಲ್ಲಿ ಮುಕ್ಕಾಲು ಪಾಲು ಈಗ ಬಾಡಿಗೆ ರೂಮು. ಉಳಿದ ಎರಡು ಎಕರೆಗೆ ರಾಗಿ ಹಾಕಿಸ್ತೀನಿ. ಟ್ರಾಕ್ಟರ್‌ಗೆ ನನ್ನ ಸೊಸೆಗಿಂತ ವಯಸ್ಸು ಜಾಸ್ತಿ (ಮಾತು ಕಮ್ಮಿ). ಅದು ಅಂಗಳದಲ್ಲಿ ನಿಂತಿರೋದು ಮಗ ನಾಗರಾಜನ ಕಣ್ಣಿಗೆ ಆಗಲ್ಲ.

"ಅಮ್ಮಾ, ಆ ಜಾಗದಲ್ಲಿ ಬಾಡಿಗೆಯೋರ ಎರಡು ಕಾರು ನಿಲ್ತವೆ. ಮಾರಿಬಿಡಾಣ."

"ಉಳೋಕೆ ನಿನ್ನ ಕಟ್ಲಾ?"

"ಬಾಡಿಗೆ ಟ್ರಾಕ್ಟರ್ ಸಿಗುತ್ತಲ್ಲ!"

ಸಿಗುತ್ತೆ. ಮಳೆ ಬಿದ್ದ ದಿನ ಮಾತ್ರ ಅದರ ಓನರ್ ಫೋನ್ ಎತ್ತಲ್ಲ. ಹಾಗಾಗಿ ನಾನು ಕೊಡಲ್ಲ ಅಂತ ಕೂತಿದ್ದೆ.

ಅಷ್ಟರಲ್ಲಿ ನನ್ನ ತಮ್ಮ ತನ್ನ ಹಳೇ ಪಲ್ಟಿ ನೇಗಿಲು ಕೊಟ್ಟ. ಸಾಲಿನ ಕೊನೆಗೆ ಬಂದ್ರೆ ಸಾಕು, ದೋಸೆ ಥರ ಮಗುಚಿಕೊಳ್ಳುತ್ತೆ. ಆದ್ರೆ ಮಗುಚೋಕೆ ಹೈಡ್ರಾಲಿಕ್ ಬೇಕು. ಒಂದು ಪೈಪಲ್ಲಿ ಎಣ್ಣೆ ಹೋಗ್ಬೇಕು, ಇನ್ನೊಂದರಲ್ಲಿ ವಾಪಸ್ ಬರ್ಬೇಕು. ನಮ್ಮ ಟ್ರಾಕ್ಟರ್‌ಗೆ ಇದ್ದಿದ್ದು ಒಂದೇ ತೂತು, ಟ್ರೈಲರ್ ಎತ್ತೋಕೆ.

ನಾಗರಾಜ ಷರತ್ತು ಹಾಕಿದ. "ಭಾನುವಾರದೊಳಗೆ ಆ ನೇಗಿಲು ಮಗುಚಿ ತೋರ್ಸು. ಇಲ್ಲಾಂದ್ರೆ ಸೋಮವಾರ ಗಿರಾಕಿ ಬರ್ತಾನೆ."

ಆಗ್ಲಿ ಅಂದೆ.

ನಮ್ಮ ಮಹಡಿ ರೂಮಲ್ಲಿ ಬಸವರಾಜ ಇದ್ದಾನೆ. ಗದಗ ಕಡೆಯೋನು, ನಲವತ್ತು ದಾಟಿದೆ, ಜಿಗಣಿಯಲ್ಲಿ ಮಣ್ಣು ಅಗೆಯೋ ಮಷಿನ್‌ಗಳ ಹೈಡ್ರಾಲಿಕ್ ರಿಪೇರಿ ಮಾಡ್ತಾನೆ. ಶನಿವಾರ ಸೀಟ್ ಪಕ್ಕ ಹೊಸ ವಾಲ್ವು, ಲಿವರು ಕೂರಿಸಿ, ಹಿಂದುಗಡೆ ಪೈಪ್ ಸಿಕ್ಕಿಸೋಕೆ ಎರಡು ಹೊಸ ತೂತು ಮಾಡಿಕೊಟ್ಟ. ಅದಕ್ಕೆ ಔಟ್‌ಲೆಟ್ ಅಂತಾರಂತೆ. ಅವಕ್ಕೆ ಕೆಂಪು ರಬ್ಬರ್ ಮುಚ್ಚಳ ಬೇರೆ.

"ಅಜ್ಜೀ, ಈ ಕ್ಯಾಪ್ ತೆಗೀಬ್ಯಾಡ್ರಿ. ಕೂದಲಷ್ಟು ಕಸ ಹೋದ್ರೂ ಕೆಟ್ಟು ಕುಂದರತೈತಿ."

"ನಾನೇನು ಕೂಸೇನಪ್ಪಾ?"

ಭಾನುವಾರ ಬೆಳಿಗ್ಗೆ ಪೂಜೆಗೆ ನಿಂತೆ. ಹೊಸ ಸಾಮಾನು ಬಂದ ಮೇಲೆ ಪೂಜೆ ಮಾಡದೆ ಲಿವರ್ ಎಳೆಯೋದುಂಟಾ? ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್‌ಗೆ ವಿಭೂತಿ. ಕೊನೆಗೆ ತೂತುಗಳ ಹತ್ರ ಬಂದೆ. ಮುಚ್ಚಳಕ್ಕೆ ಪೂಜೆ ಮಾಡಿದ್ರೆ ಪುಣ್ಯ ಮುಚ್ಚಳಕ್ಕೆ ತಾನೇ ಹೋಗೋದು? ತೆಗೆದೆ. ಅರಿಶಿನ ಮೆತ್ತಿದೆ, ಕುಂಕುಮ ಒತ್ತಿದೆ. ಗಂಧದಕಡ್ಡಿ ಚುಚ್ಚೋಕೆ ಬಾಳೆಹಣ್ಣು ಹುಡುಕಿದ್ರೆ, ಸೊಸೆ ಅದನ್ನ ಮಿಲ್ಕ್‌ಶೇಕ್ ಮಾಡಿ ಕುಡಿದಾಗಿತ್ತು.

ಹಾಗಾಗಿ ತೂತಿಗೇ ಚುಚ್ಚಿದೆ. (ಡೀಸೆಲ್ ಗಾಡಿ ಹತ್ರ ಬೆಂಕಿ ಯಾಕೆ ಅಂತ ನೀವು ಬೈಬೇಡಿ. ಮಗ ಬೈದಾಯ್ತು.)

ಉರಿದ ಮೇಲೆ ಕಿತ್ತೆ. ಒಂದು ಬಂತು. ಇನ್ನೊಂದು ಒಳಗೇ ಮುರೀತು. ಎಣ್ಣೆ ನುಗ್ಗಿದ್ರೆ ತಾನೇ ದಾರಿ ಬಿಡುತ್ತೆ ಅಂದ್ಕೊಂಡು, ಹೊರಗಡೆ ಸೆರಗಲ್ಲಿ ಒರೆಸಿ, ಮುಚ್ಚಳ ಹಾಕಿ ಬಂದೆ.

ಒಂಬತ್ತಕ್ಕೆ ಬಾಡಿಗೆಯೋರೆಲ್ಲ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದ್ರು. ಬಸವರಾಜ ತಾನೇ ಶುಚಿ ಮಾಡಿದ್ದ ಔಟ್‌ಲೆಟ್ ಅಂತ ನೋಡದೆ ಪೈಪ್ ಸಿಕ್ಕಿಸಿದ. ನಾನು ಸೀಟಲ್ಲಿ ಕೂತು ಲಿವರ್ ಎಳೆದೆ.

ನೇಗಿಲು ಅರ್ಧ ತಿರುಗಿ ನಿಂತ್ಬಿಡ್ತು. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಸೋಮವಾರ ಬೆಳಿಗ್ಗೆ ಆಫೀಸಿಗೆ ಏಳೋಕಾಗದೋರು ಹಾಸಿಗೆಯಲ್ಲಿ ಮಗ್ಗುಲಾಗಿ ಬಿದ್ದಿರ್ತಾರಲ್ಲ, ಥೇಟ್ ಹಾಗೆ. ಇಂಜಿನ್ ಒಂದೇ ಸಮ ಅರಚ್ತಿದೆ.

"ಅಜ್ಜಿ, ರೀಸ್ಟಾರ್ಟ್ ಮಾಡಿ ನೋಡಿ!" ಅಂತ ಮೇಲಿಂದ ಒಬ್ಬ ಸಾಫ್ಟ್‌ವೇರ್‌ನೋನು ಕೂಗಿದ.

ಮಾಡಿದ್ವಿ. ಆಗ್ಲಿಲ್ಲ.

ನಾಗರಾಜ ಫೋನ್ ತೆಗೆದ. "ನಾಳೆ ಯಾಕೆ, ಗಿರಾಕಿನ ಇವತ್ತೇ ಕರೀತೀನಿ." ಆಮೇಲೆ ಬಸವರಾಜನ ಕಡೆ ತಿರುಗಿ, "ಇದೇನ್ರೀ ನಿಮ್ ಕೆಲ್ಸ? ನೆಟ್ಟಗಿದ್ದ ಗಾಡಿ ಕೆಡಿಸಿದ್ರಲ್ಲ!"

ಬಸವರಾಜನ ಮುಖ ಸಣ್ಣಗಾಯ್ತು. ಪೈಪ್ ಬಿಚ್ಚಿ, ತಂತಿ ಹಾಕಿ ಕೆದಕಿದ. ಮೊದಲು ಕೆಂಪಗೆ ಬಂತು. ಆಮೇಲೆ ಹಳದಿ. ಕೊನೆಗೆ ಒಂದು ತುಂಡು ಕಡ್ಡಿ. ಮೂಸಿ ನೋಡಿದ.

"ಮಲ್ಲಿಗಿ ವಾಸನಿ ಬರಾಕತ್ತೈತ್ರಿ."

ಎಲ್ಲರೂ ನನ್ನನ್ನೇ ನೋಡಿದ್ರು.

"ನಾನೇ ಚುಚ್ಚಿದ್ದು ಕಣೋ, ಏನೀಗ? ಅವನನ್ನ ಬೈಬೇಡ."

"ಅಯ್ಯೋ ಅಮ್ಮಾ, ಅದು ಹೈಡ್ರಾಲಿಕ್ಕು!"

"ಅದಕ್ಕೇ ಎರಡು ಕಡ್ಡಿ ಹಚ್ಚಿದೆ. ಬೇರೇದಕ್ಕಾದ್ರೆ ಒಂದೇ."

ಬಾಲ್ಕನಿಯೋರು ಬಿದ್ದು ಬಿದ್ದು ನಕ್ಕರು. ನಗ್ಲಿ. ಆಯುಧಪೂಜೆ ದಿನ ಲ್ಯಾಪ್‌ಟಾಪ್‌ಗೆ ಕುಂಕುಮ ಇಟ್ಟು, ಆಮೇಲೆ ಕೀ ಒತ್ತೋಕಾಗ್ದೆ ಪಿನ್ನಲ್ಲಿ ಕೆದಕ್ತಾ ಕೂತಿದ್ದೋರು ಇವರೇ ಅಲ್ವಾ? ನಾನು ನೋಡಿಲ್ಲ ಅಂದ್ಕೊಂಡಿದ್ದಾರೆ. ನಾವೆಲ್ಲ ಹೀಗೇ. ಮಷಿನ್ ತಗೊಳ್ಳೋವಾಗ ಗ್ಯಾರಂಟಿ ಕೇಳ್ತೀವಿ, ತಗೊಂಡ ಮೇಲೆ ಅದರ ಬಾಯಿಗೆ ಕುಂಕುಮ ತುರುಕ್ತೀವಿ.

ಬಸವರಾಜ ಡೀಸೆಲ್ ಹಾಕಿ ಒಂದು ಗಂಟೆ ತೊಳೆದ. ಮತ್ತೆ ಪೈಪ್ ಸಿಕ್ಕಿಸಿ ಲಿವರ್ ಎಳೆದ. ಠಪ್! ನೇಗಿಲು ಮಗುಚ್ತು. ವಾಪಸ್ ಎಳೆದ. ಠಪ್! ಮೇಲಿಂದ ಚಪ್ಪಾಳೆ.

"ಸರೀರಿ, ನಾನೊಂದ್ಸಲ ನೋಡ್ತೀನಿ" ಅಂತ ನಾಗರಾಜ ಹತ್ತಿದ. ಹತ್ತಿದೋನು ಇಳೀಲೇ ಇಲ್ಲ. ಸುಮ್ಸುಮ್ನೆ ಮಗುಚೋದು, ವಾಪಸ್ ಮಗುಚೋದು. ಅಲ್ಲೇ ಕೂತು ಗಿರಾಕಿಗೆ ಫೋನ್ ಮಾಡಿ, "ಇಲ್ಲ ಸಾರ್, ಕೊಡಲ್ಲ. ನಮ್ದು ಮೂರು ಔಟ್‌ಲೆಟ್ ಗಾಡಿ" ಅಂದ. ಆ ದನಿಯ ಗತ್ತು ನೀವು ಕೇಳ್ಬೇಕಿತ್ತು.

ಟ್ರಾಕ್ಟರ್ ಉಳೀತು. ಆದ್ರೆ ಮನೇಲಿ ಹೊಸ ರೂಲ್ ಬಂದಿದೆ: ಅಮ್ಮ ಅದರಿಂದ ಹತ್ತು ಹೆಜ್ಜೆ ದೂರ ಇರ್ಬೇಕು. ಕೈಯಲ್ಲಿ ಪೂಜೆ ತಟ್ಟೆ ಇದ್ರೆ ಇಪ್ಪತ್ತು.

ಅಲ್ಲ ಕಣ್ರೀ, ಉಳಿಸಿಕೊಂಡೋಳಿಗೇ ಹತ್ತಿರ ಬರಬೇಡ ಅಂದ್ರೆ, ಮಾರೋಕೆ ಹೊರಟಿದ್ದೋನು ಎಷ್ಟು ದೂರ ನಿಲ್ಲಬೇಕಿತ್ತು?