ಹೊಸ್ಲಾಚೆ ನಿಂತು ಹೇಳಿದ ಹಂದಿಜ್ವರದ ಸುದ್ದಿ

ಶೆಟ್ಟಿಕೆರೆ ಕಡೆ ಒಂದು ತೆಂಗಿನ ತೋಟದ ಊರಲ್ಲಿ ನಾನು ಹೆಡ್‌ಮೇಷ್ಟ್ರಾಗಿದ್ದೆ. ಹೆಡ್‌ಮೇಷ್ಟ್ರು ಅಂದ ತಕ್ಷಣ ಎದ್ದು ನಿಂತ್ಕೋಬೇಡಿ, ಕೂತ್ಕಳಿ. ಎರಡು ರೂಮು, ನಲವತ್ತೊಂದು ಮಕ್ಕಳು, ಒಬ್ಬರು ಟೀಚರಮ್ಮ, ಇಷ್ಟಕ್ಕೆ ನಾನು ಹೆಡ್ಡು. ಆ ಟೀಚರಮ್ಮ ದಿನಾ ಚಿಕ್ಕನಾಯಕನಹಳ್ಳಿಯಿಂದ ಬಸ್ಸಲ್ಲಿ ಬರೋರು. ನಗು ಅನ್ನೋದನ್ನ ಅವರು ಬಸ್ಸಲ್ಲೇ ಬುಟ್ಟು ಇಳೀತಿದ್ರು ಅಂತ ಕಾಣ್ತದೆ. ಎಂಟು ವರ್ಷ ಜೊತೇಲಿ ಕೆಲಸ ಮಾಡಿದೀನಿ, ಅವರ ಹಲ್ಲು ಎಷ್ಟು ಅಂತ ಇವತ್ತಿಗೂ ಗೊತ್ತಿಲ್ಲ.

ನಾನು ಅದಕ್ಕೆ ಪೂರ್ತಿ ಉಲ್ಟಾ. ಕೀಟಲೇಲಿ ನನ್ನ ಸರಿಗಟ್ಟೋನು ಆವಾಗ ತಾಲ್ಲೂಕಲ್ಲಿ ಇರಲಿಲ್ಲ, ಈವಾಗಲೂ ಹುಟ್ಟಿಲ್ಲ. ಒಂದೇ ಒಂದು ಹೇಳ್ತೀನಿ. ಒಂದ್ಸಲ ಮಕ್ಕಳ ಕೈಲಿ ಚೀಟಿ ಕಳಿಸ್ದೆ: ಸುತ್ತೋಲೆ ಬಂದಿದೆ, ಇನ್‌ಸ್ಪೆಕ್ಟ್ರು ಬತ್ತಾರೆ, ಈ ಸಲ ಅಪ್ಪಂದಿರಿಗೂ ಹದಿಮೂರರ ಮಗ್ಗಿ ಕೇಳ್ತಾರೆ, ಹೇಳಕ್ಕೆ ಬರದೋರ ಮಕ್ಕಳನ್ನ ಹಿಂದಿನ ಕ್ಲಾಸಿಗೆ ಹಾಕ್ತಾರೆ. ಒಂದು ವಾರ ಕಣ್ರೀ. ಕಾಯಿ ಸುಲಿಯೋನು ಸುಲೀತಾ ಹದಿಮೂರೈದ್ಲ ಎಪ್ಪತ್ತೈದು ಅಂತಿದ್ದ, ಮರದ ಮೇಲಿರೋನು ಮೇಲಿಂದ ಅರವತ್ತೈದು ಕಣ್ಲಾ ಅಂತ ಅವನನ್ನ ತಿದ್ತಿದ್ದ. ಇನ್‌ಸ್ಪೆಕ್ಟ್ರು ಬರಲಿಲ್ಲ. ಬರೋದು ಯಾಕೆ, ನಾನು ಕರೆದಿದ್ರೆ ತಾನೆ. ಆದ್ರೆ ಇಡೀ ಊರಿಗೆ ಹದಿಮೂರರ ಮಗ್ಗಿ ಬಂತು. ಇದಕ್ಕೆ ಯಾರಾದ್ರೂ ಪ್ರಶಸ್ತಿ ಕೊಟ್ರಾ? ಇಲ್ಲ. ಮೇಷ್ಟ್ರು ಕಳಿಸಿದ ಚೀಟೀನ ನಂಬಬಾರ್ದು ಅಂತ ಊರೋರು ಒಂದು ಪಾಠ ಕಲಿತ್ರು, ಅಷ್ಟೆ.

ಹಿಂಗಿರೋವಾಗ ಹಂದಿಜ್ವರ ಬಂತು. ಟಿವೀಲಿ ಮೂಗು ಬಾಯಿ ಕಟ್ಕೊಂಡಿರೋ ಜನ ಏರ್‌ಪೋರ್ಟಲ್ಲಿ ಓಡಾಡೋದನ್ನ ನಮ್ಮೂರೋರು ಬಲೇ ಖುಷಿಯಾಗಿ ನೋಡ್ತಿದ್ರು. ಕಾಯಿಲೆ ನಮ್ಮ ಕಡೆ ಬತ್ತದೆ ಅಂತ ಒಬ್ರೂ ಅಂದ್ಕೊಂಡಿರಲಿಲ್ಲ.

"ನಮ್ಮೂರಲ್ಲಿ ಹಂದೀನೇ ಇಲ್ವಲ್ಲ ಮೇಷ್ಟ್ರೇ, ಜ್ವರ ಏನು ಬಸ್ಸಲ್ಲಿ ಬತ್ತದಾ?" ಅಂತ ಹಾಲಿನ ಡೇರಿ ಹತ್ರ ಒಬ್ಬ ಕೇಳ್ದ.

"ಬಸ್ಸಲ್ಲೇ ಕಣಪ್ಪ ಬರೋದು," ಅಂದೆ.

ಎಲ್ರೂ ನಕ್ರು. ನಾನು ಏನು ಹೇಳಿದ್ರೂ ನಗೋದು ಅವರಿಗೆ ಅಭ್ಯಾಸ ಆಗಿತ್ತು.

ಅಷ್ಟ್ರಲ್ಲಿ ಮೇಲಿನ ಆಫೀಸಿಂದ ಸುತ್ತೋಲೆ ಬಂತು. ಒಂದು ವಾರ ಸ್ಕೂಲಿಗೆ ರಜ, ಪೋಷಕರಿಗೆ ಕಾಲಕಾಲಕ್ಕೆ ಮಾಹಿತಿ ನೀಡತಕ್ಕದ್ದು, ದೂರವಾಣಿ ಮತ್ತು ಈಮೇಲ್ ಸೌಲಭ್ಯವನ್ನು ಬಳಸಿಕೊಳ್ಳತಕ್ಕದ್ದು. ನಮ್ಮ ಸ್ಕೂಲಲ್ಲಿದ್ದ ಸೌಲಭ್ಯ ಅಂದ್ರೆ ಒಂದು ಬಲ್ಬು. ಅದೂ ಕೆಟ್ಟಿತ್ತು. ಊರಲ್ಲಿ ಐದಾರು ಮೊಬೈಲ್ ಇದ್ವು, ಸಿಗ್ನಲ್ ಬೇಕು ಅಂದ್ರೆ ನೀರಿನ ಟ್ಯಾಂಕ್ ಹತ್ತಿ ಹುಳಿಯಾರು ದಿಕ್ಕಿಗೆ ಮುಖ ಮಾಡಿ ನಿಂತ್ಕೋಬೇಕು. ಈಮೇಲ್ ಅಂದ್ರೆ ಯಾವ ಊರಿಗೆ ಹೋಗೋ ರೈಲು ಅಂತ ಕೇಳೋರು.

ಚೀಟಿ ಬರ್ದು ಆವತ್ತು ಬಂದಿದ್ದ ಮಕ್ಕಳ ಬ್ಯಾಗಿಗೆಲ್ಲ ಹಾಕಿದೆ. ನಾಳೆಯಿಂದ ರಜ, ಮಕ್ಕಳನ್ನ ಕಳಿಸ್ಬೇಡಿ. ಮಾರ್ನೇ ದಿನ ಬೆಳಿಗ್ಗೆ ನಲವತ್ತು ಮಕ್ಕಳು ತಟ್ಟೆ ಸಮೇತ ಹಾಜರು. ಬೇರೆ ದಿನ ಮೂವತ್ತೈದು ದಾಟಿದ್ದಿಲ್ಲ. ಒಬ್ಬನ ಅಪ್ಪ ಸ್ಕೂಲ್ ಗೇಟಲ್ಲಿ ನಿಂತು ಮೀಸೆ ತಿರುವ್ತಾ, "ಈ ಸಲ ಏಮಾರಲಿಲ್ಲ ನೋಡಿ ಮೇಷ್ಟ್ರೇ," ಅಂದ.

ಟೀಚರಮ್ಮ ಒಳಗೆ ಹೋಗಿ ಅವರ ಕೈಬರಹದಲ್ಲಿ ಎರಡು ಸಾಲು ಬರ್ದು, ಕೆಳಗೆ ಅವರ ಸಹಿ ಹಾಕಿ, ಮಕ್ಕಳನ್ನ ವಾಪಸ್ ಕಳಿಸಿದ್ರು. ಮಧ್ಯಾಹ್ನದೊಳಗೆ ಇಡೀ ಊರಿಗೆ ರಜ ಅಂತ ಗೊತ್ತಾಗೋಯ್ತು. ಯಾರೂ ನಗಲಿಲ್ಲ, ಯಾರೂ ಅನುಮಾನ ಪಡಲಿಲ್ಲ.

"ನೀವು ಬರೆದ್ರೆ ನಗ್ತಾರೆ ಸರ್, ನಾನು ಬರೆದ್ರೆ ಓದ್ತಾರೆ," ಅಂದು ಹನ್ನೆರಡೂವರೆ ಬಸ್ಸಿಗೆ ಹೊರಟೋದ್ರು. ನನಗೆ ಉರೀತು. ಇನ್ಮೇಲೆ ಸುದ್ದಿ ಮುಟ್ಟಿಸೋದೆಲ್ಲ ನಿಮ್ಮದೇ ಖಾತೆ, ನೀವೇ ಮಾಡ್ಕಳಿ ಅಂತ ಮನಸ್ಸಲ್ಲೇ ಅಂದ್ಕೊಂಡೆ.

ಎರಡು ದಿನ ಕಳೀತು. ನಾನು ಟ್ಯಾಂಕ್ ಹತ್ತಿ ಬೇರೆ ಏನೋ ಫೋನ್ ಮಾಡೋಕೆ ಹೋದಾಗ ಟೀಚರಮ್ಮನ ಕರೆ ಬಂತು. ಗಂಟಲು ಕಟ್ಟಿ, ಗಂಡಸಿನ ದನಿ ಆಗಿತ್ತು.

"ಸರ್, ನನಗೆ ಜ್ವರ. ಮೂಗಿಂದ ದ್ರವ ತೆಗೆದು ಬೆಂಗಳೂರಿಗೆ ಕಳಿಸವ್ರೆ. ಒಂದನೇ ಎರಡನೇ ಕ್ಲಾಸು ನನ್ನ ಪಕ್ಕದಲ್ಲೇ ಕೂತಿದ್ವು. ಆ ಹನ್ನೊಂದು ಮಕ್ಕಳ ಮನೇಗೂ ಹೇಳ್ಬೇಕು. ಜ್ವರ ಬಂದ್ರೆ ತಕ್ಷಣ ಆಸ್ಪತ್ರೆಗೆ ತೋರಿಸ್ಬೇಕು ಅಂತ."

"ನಾನು ಹೇಳಿದ್ರೆ ನಗ್ತಾರಲ್ಲ ಟೀಚರಮ್ಮ," ಅಂದೆ. ಇದನ್ನ ಹೇಳೋಕೆ ಸಿಕ್ಕಿದ ಅವಕಾಶ ಬುಡೋಕಾಗಲಿಲ್ಲ.

ಅವರು ಕೆಮ್ಮಿ ಮುಗಿಸ್ಕೊಂಡು ಹೇಳಿದ್ರು: "ಕಡೇ ತೋಟದ ಮನೆ ಹುಡುಗಿ ಗೊತ್ತಲ್ಲ, ಗೂರಲು ಇರೋಳು. ಅವಳಿಗೆ ಈ ಜ್ವರ ಬಂದ್ರೆ ಉಸಿರು ನಿಲ್ತದೆ ಸರ್. ನನ್ನ ಕಡೆಯಿಂದ ಅವಳಿಗೆ ಬಂದಿದ್ರೆ..." ಅಷ್ಟಕ್ಕೆ ಲೈನ್ ಹೋಯ್ತು. ಸಿಗ್ನಲ್ ಹೋಯ್ತೋ ಅವರೇ ಇಟ್ರೋ ಗೊತ್ತಿಲ್ಲ.

ಆ ಹುಡುಗಿ ಎರಡನೇ ಕ್ಲಾಸು. ಧೂಳು ಎದ್ರೆ ಸಾಕು, ಎದೆ ಒಳಗೆ ಬೆಕ್ಕಿನ ಮರಿ ಇಟ್ಕೊಂಡಂಗೆ ಕುಂಯ್ ಅನ್ನೋದು. ಅವಳಮ್ಮ ಎರಡನೇ ಹೆರಿಗೆಗೆ ತುರುವೇಕೆರೆ ತವರಿಗೆ ಹೋಗಿದ್ಲು, ಅಪ್ಪನೂ ಅಲ್ಲೇ ಇದ್ದ. ಮನೇಲಿ ಅಜ್ಜಿ, ಮೊಮ್ಮಗಳು ಇಬ್ರೇ.

ಸುತ್ತೋಲೇನ ತೆಗೆದು ಮತ್ತೆ ಓದಿದೆ. ಮಾಹಿತಿ ಕೊಡೋಕೆ ಹೋಗೋರು ಮೂಗು ಬಾಯಿಗೆ ಬಟ್ಟೆ ಕಟ್ಕೋಬೇಕು, ಮನೆ ಒಳಕ್ಕೆ ಹೋಗ್ಬಾರ್ದು, ದೂರದಲ್ಲಿ ನಿಂತು ಮಾತಾಡ್ಬೇಕು, ಅಲ್ಲಿ ಏನೂ ತಿನ್ನಬಾರ್ದು ಕುಡಿಯಬಾರ್ದು. ಸರಿ, ಈ ಸಲ ಅಕ್ಷರ ಬುಡದೆ ಪಾಲಿಸ್ತೀನಿ, ನಾನೂ ಗಂಭೀರವಾಗಿರಬಲ್ಲೆ ಅಂತ ಊರಿಗೆ ತೋರಿಸ್ತೀನಿ ಅಂತ ಹೊರಟೆ. ಮುಖಕ್ಕೆ ಕರ್ಚೀಫು, ಬಿಸಿಲಿತ್ತು ಅಂತ ತಲೆ ಮೇಲೆ ಬಿಳೀ ಟವೆಲ್ಲು.

ಮೊದಲ್ನೇ ಮನೆ. ಅಂಗಳದ ಆಚೆ ತುದೀಲಿ ನಿಂತ್ಕೊಂಡೆ. ಹುಡುಗನ ತಾಯಿ ರಾಗಿ ಹಸನು ಮಾಡ್ತಿದ್ಲು.

"ಬನ್ನಿ ಮೇಷ್ಟ್ರೇ, ಕೂತ್ಕಳಿ."

"ಇಲ್ಲಮ್ಮ, ಕೂರಂಗಿಲ್ಲ."

"ನೀರಾದ್ರೂ ಕುಡೀರಿ."

"ನೀರೂ ಮುಟ್ಟಂಗಿಲ್ಲ. ಒಂದು ವಿಷಯ ಹೇಳ್ಬೇಕಿತ್ತು."

ಅವಳ ಕೈಲಿದ್ದ ಮೊರ ಕೆಳಕ್ಕೆ ಬಿತ್ತು. "ಅಯ್ಯೋ ನಮ್ಮಣ್ಣ," ಅಂತ ಅಲ್ಲೇ ಕುಕ್ಕರಿಸಿ ಎದೆ ಬಡ್ಕೊಳ್ಳೋಕೆ ಶುರು ಮಾಡಿದ್ಲು. ಅವಳಣ್ಣ ಹಾಸನದಲ್ಲಿ ಆಪರೇಷನ್ ಮಾಡಿಸ್ಕೊಂಡು ಮಲಗಿದ್ನಂತೆ. ನನಗೇನು ಗೊತ್ತು. ಅಕ್ಕಪಕ್ಕದೋರು ಓಡಿ ಬಂದ್ರು. ನಾನು ಜ್ವರ, ಹಂದಿ, ಟೀಚರಮ್ಮ ಅಂತ ಏನೇನೋ ಕೂಗ್ತಿದೀನಿ, ಕರ್ಚೀಫಿನ ಒಳಗಿಂದ ಒಂದೂ ಆಚೆ ಬತ್ತಿಲ್ಲ.

ಈ ಅತಿಬುದ್ಧಿವಂತನ ತಲೆಗೆ ಆಗ ಹೊಳೀತು. ನಮ್ಮ ಕಡೆ ಸಾವಿನ ಸುದ್ದಿ ತರೋನು ಹೊಸ್ಲು ದಾಟಲ್ಲ. ಕೂರಲ್ಲ, ನೀರು ಮುಟ್ಟಲ್ಲ. ಅಂಗಳದಾಚೆ ಟವೆಲ್ ಹೊದ್ದು ನಿಂತು, ವಿಷಯ ಹೇಳಿ, ಬಂದ ದಾರೀಲಿ ಹೋಗ್ತಾನೆ. ಸರ್ಕಾರ ಅಷ್ಟು ಕಾಗದ ಖರ್ಚು ಮಾಡಿ ನನಗೆ ಹೇಳ್ಕೊಟ್ಟಿದ್ದು ಇದನ್ನೇ. ನಾನೂ ಅದೇ ಮಣ್ಣಲ್ಲಿ ಹುಟ್ಟಿದೋನು, ಎಷ್ಟೋ ಸಲ ಹಂಗೆ ನಿಂತು ಸುದ್ದಿ ಹೇಳಿದೋನು. ಆದ್ರೂ ನೆನಪಾಗಲಿಲ್ಲ.

ಅವಳಣ್ಣ ಚೆನ್ನಾಗವ್ನೆ ಅಂತ ನಂಬಿಸೋಕೆ ಮುಕ್ಕಾಲು ಗಂಟೆ ಹಿಡೀತು. ನಂಬಿದ ಮೇಲೆ ಬೈಗುಳ ಶುರುವಾಯ್ತು.

"ಸಾವಿನ ವಿಷಯದಲ್ಲೂ ತಮಾಷೆನಾ ನಿಮಗೆ? ವಯಸ್ಸಾಗಿಲ್ವಾ?" ಅಂತ ಅವಳ ಗಂಡ.

"ತಮಾಷೆ ಅಲ್ಲ ಕಣಪ್ಪ, ಸುತ್ತೋಲೆ."

"ಸುತ್ತೋಲೆ ಅಂತೆ. ಮಗ್ಗಿ ವಿಷಯದಲ್ಲೂ ಸುತ್ತೋಲೆ ಅಂತಾನೇ ಅಂದಿದ್ರಿ."

ಎರಡನೇ ಮನೇಲಿ ಟವೆಲ್ ತೆಗ್ದು ಬಗಲಿಗಿಟ್ಕೊಂಡೆ, ಆದ್ರೂ ಮುದುಕ ಒಬ್ಬ ನನ್ನ ನೋಡಿದ್ದೇ ಕಂಬ ಹಿಡ್ಕೊಂಡ. ಮೂರನೇ ಮನೆಯಿಂದ ಮುಂದಕ್ಕೆ ಕಷ್ಟ ಬೇರೆ ಥರ. ಮೊದಲ್ನೇ ಮನೆ ಕಥೆ ನನಗಿಂತ ಮುಂಚೇನೇ ಹೋಗಿ ಕೂತಿತ್ತು, ನಾನು ಬಾಯಿ ತೆಗೆಯೋಕೆ ಮುಂಚೆ ನಗು. "ಈವತ್ತು ಯಾರನ್ನ ಸಾಯಿಸಿದ್ರಿ ಮೇಷ್ಟ್ರೇ?" ಅಂತ ವಿಚಾರಣೆ. ಮಕ್ಕಳ ಮೈ ಮುಟ್ಟಿ ನೋಡ್ತಿರಿ, ಬಿಸಿ ಇದ್ರೆ ಆಸ್ಪತ್ರೆಗೆ ಹೋಗಿ ಅಂತ ಕೈ ಮುಗಿದು ಹೇಳಿದೆ. ಆಗಲಿ ಆಗಲಿ ಅಂದ್ರು, ಸಾಲ ಕೇಳೋಕೆ ಬಂದ ಬ್ಯಾಂಕೋರಿಗೆ ಹೇಳ್ತಾರಲ್ಲ, ಹಂಗೆ.

ಊರಾಚೆ ಇದ್ದ ಕಡೇ ತೋಟದ ಮನೆ ಮುಟ್ಟೋ ಹೊತ್ತಿಗೆ ಮೂರು ಗಂಟೆ. ಅಜ್ಜಿ ಹೊಸ್ಲ ಮೇಲೆ ನಿಂತು ನನ್ನನ್ನೇ ಕಾಯ್ತಿದ್ಲು. ಈ ಅಜ್ಜಿ ಎಂಥೋಳು ಅಂದ್ರೆ, ತಿಪಟೂರು ಮಂಡೀಲಿ ಕೊಬ್ರಿ ವ್ಯಾಪಾರಕ್ಕೆ ನಿಂತ್ರೆ ದಲ್ಲಾಳಿಗಳು ಕಾಫಿ ಕುಡಿಯೋಕೆ ಅಂತ ಎದ್ದು ಹೋಗ್ತಿದ್ರು.

"ಯಾರು ಹೋದ್ರು?"

"ಯಾರೂ ಹೋಗಿಲ್ಲ ಕಣಜ್ಜಿ."

"ಮತ್ತೆ ಅಲ್ಯಾಕೆ ನಿಂತಿದ್ದೀಯ?"

"ಹಿಂಗೇ ನಿಂತ್ಕೋಬೇಕು ಅಂತ ಸರ್ಕಾರ ಹೇಳೈತೆ."

"ಸರ್ಕಾರ ಸತ್ರೂ ಸುದ್ದಿ ಹೇಳೋಕೆ ನೀನೇ ಬತ್ತೀಯ ಬುಡು."

ಎಲ್ಲಿ ಮೊಮ್ಮಗಳು ಅಂದೆ. ಒಳಗೆ ಮಲಗವ್ಳೆ, ನಿನ್ನೆಯಿಂದ ಮೈ ಬಿಸಿ, ಏನೂ ಆಗಲ್ಲ, ಔಷಧಿ ನಡೀತಾ ಐತೆ ಅಂದಳು. ಏನು ಔಷಧಿ ಅಂದ್ರೆ, ಹುಡುಗೀನ ಅಟ್ಟದ ಕೆಳಗೆ ಮಲಗಿಸಿ, ತೆಂಗಿನ ಸಿಪ್ಪೆ ಹೊತ್ತಿಸಿ ಹೊಗೆ ಹಾಕವ್ಳೆ. ಬಾಗಿಲು ಕಿಟಕಿ ಎಲ್ಲ ಬಂದ್.

"ಕೊಬ್ರಿ ಆಗೋಕೆ ಹತ್ತು ತಿಂಗಳು ಅಟ್ಟದ ಮೇಲೆ ಕೂತಿರೋ ಕಾಯಿಗೆ ಇದೇ ಹೊಗೆ ಕಣಪ್ಪ ಕಾಯೋದು. ಒಂದು ಹುಳ ಬೀಳಲ್ಲ, ಒಂದು ಬೂಷ್ಟು ಹಿಡಿಯಲ್ಲ. ಕೊಬ್ರಿಗೇ ತಾಗದ ಕಾಯಿಲೆ ಮಗೀಗೆ ತಾಗ್ತದಾ? ನಿಮ್ಮ ಡಾಕ್ಟ್ರಿಗೆ ಇದು ಗೊತ್ತಿಲ್ಲ."

ಅವಳ ಹಿಂದೆ ಒಳಮನೆ ಬಾಗಿಲ ಸಂದಿಯಿಂದ ಹೊಗೆ ಬತ್ತಿತ್ತು. ಅದರ ಜೊತೆಗೆ ಆ ಶಬ್ದ. ಬೆಕ್ಕಿನ ಮರಿ ಶಬ್ದ ಅಲ್ಲ ಈ ಸಲ. ಒಣಗಿದ ಗರಿ ಎಳೆದಂಗೆ, ಮಧ್ಯೆ ಮಧ್ಯೆ ನಿಲ್ತಿತ್ತು.

"ಅಜ್ಜಿ, ಆ ಹೊಗೆ ಅವಳನ್ನ ಕೊಲ್ತದೆ. ಈಗಲೇ ಆಸ್ಪತ್ರೆಗೆ ಹೊರಡು," ಅಂದೆ.

ಅಜ್ಜಿ ನಕ್ಕಳು. "ನನ್ನ ಮಗ ಮೀಸೆ ಬಂದ ಮೇಲೆ ಒಂದು ವಾರ ಮಗ್ಗಿ ಒದರ್ಕೊಂಡು ತಿರುಗಿದ್ದು ನಿನ್ನ ಮಾತು ಕೇಳಿ. ನನ್ನನ್ನ ಎಲ್ಲಿಗೆ ತಿರುಗಿಸ್ಬೇಕು ಅಂತ ಮಾಡಿದ್ದೀಯ?"

ಕರ್ಚೀಫು ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ಅಂಗಳ ದಾಟಿದೆ, ಹೊಸ್ಲೂ ದಾಟಿದೆ, ಹಜಾರದ ಮಣೆ ಮೇಲೆ ಕೂತು, "ಅಜ್ಜಿ, ಒಂದು ಲೋಟ ಮಜ್ಜಿಗೆ ಕೊಡು," ಅಂದೆ. ಸುತ್ತೋಲೆಯ ಅಷ್ಟೂ ಕಲಮು ಒಂದೇ ನಿಮಿಷದಲ್ಲಿ ಮುರಿದೆ.

ಅಜ್ಜಿ ತಂದು ಕೊಟ್ಟಳು. ನಾನು ಕುಡೀತಿರೋದನ್ನೇ ನೋಡ್ತಾ ನಿಂತ್ಲು. ಮಜ್ಜಿಗೆ ಕುಡಿದ ಅಂದ್ಮೇಲೆ ಯಾರೂ ಸತ್ತಿಲ್ಲ, ಅಷ್ಟಂತೂ ಅವಳಿಗೆ ಖಾತ್ರಿ ಆಯ್ತು.

"ಯಾಕೆ, ಇವತ್ತು ನಗ್ತಾನೇ ಇಲ್ಲ ನೀನು?"

"ಹೆದರಿಕೆ ಕಣಜ್ಜಿ."

"ನಿನಗಾ?"

"ಹ್ಞೂ. ಆ ಉಸಿರು ಕೇಳು. ನಾನು ಸುಳ್ಳು ಹೇಳ್ತೀನಿ, ಅದು ಹೇಳಲ್ಲ."

ಅಜ್ಜಿ ಬಾಗಿಲ ಸಂದಿಗೆ ಕಿವಿಗೊಟ್ಟಳು. ಆಮೇಲೆ ಒಳಗೆ ಹೋಗಿ, ಬಿಂದಿಗೆ ನೀರು ಎತ್ತಿ ಆ ಸಿಪ್ಪೆ ಬೆಂಕಿ ಮೇಲೆ ಸುರಿದ್ಲು. ಹುಡುಗೀನ ನಾನು ಎತ್ಕೊಂಡು ಆಚೆಗೆ ತಂದೆ. ತುಟಿ ನೇರಳೆ ಹಣ್ಣು ತಿಂದಂಗಿತ್ತು. ರಸ್ತೇಲಿ ಎಳನೀರು ತುಂಬ್ಕೊಂಡು ಒಂದು ಲಗೇಜ್ ಆಟೋ ಹೋಗ್ತಿತ್ತು, ಅಡ್ಡ ನಿಂತು ತಡೆದೆ. ಡ್ರೈವರು ನಮ್ಮೂರೋನೇ. ನನ್ನ ಮುಖ ನೋಡಿ ನಗೋಕೆ ಬಾಯಿ ತೆಗೆದೋನು, ಅಜ್ಜಿ ಮುಖ ನೋಡಿ ಮುಚ್ಕೊಂಡ. ಎಳನೀರಿನ ರಾಶಿ ಮೇಲೆ ನಾನು, ಮುಂದೆ ಅಜ್ಜಿ, ಅವಳ ಮಡಿಲಲ್ಲಿ ಹುಡುಗಿ. ಚಿಕ್ಕನಾಯಕನಹಳ್ಳಿವರೆಗೂ ಪ್ರತಿ ಹಳ್ಳಕ್ಕೂ ಒಂದೊಂದು ಎಳನೀರು ನನ್ನ ಸೊಂಟ ವಿಚಾರಿಸ್ಕೊಂಡ್ವು.

ಆಸ್ಪತ್ರೇಲಿ ಮೂಗಿಗೆ ಆಮ್ಲಜನಕ ಹಾಕಿದ್ರು, ಮಾತ್ರೆ ಶುರು ಮಾಡಿದ್ರು. ಡಾಕ್ಟ್ರಮ್ಮ ಆಚೆ ಬಂದು, "ಸಂಜೆವರೆಗೂ ಆ ಹೊಗೇಲಿ ಇಟ್ಟಿದ್ರೆ ನಾನು ಏನೂ ಮಾಡೋಕಾಗ್ತಿರಲಿಲ್ಲ," ಅಂದ್ರು. ಅಜ್ಜಿ ಬೆಂಚಿನ ಮೇಲೆ ಕೂತು ಸೆರಗು ತಿರುಚ್ತಾ ಇದ್ಲು. ಮಂಡೀಲಿ ಯಾವತ್ತೂ ಅವಳನ್ನ ಹಂಗೆ ನೋಡಿರಲಿಲ್ಲ. ನಾನು ಪಕ್ಕದಲ್ಲಿ ಕೂತ್ಕೊಂಡೆ.

ನಾಲ್ಕು ದಿನಕ್ಕೆ ಹುಡುಗಿ ಮನೆಗೆ ಬಂದ್ಲು. ಅವಳದು ಹಂದಿದೋ ಮಾಮೂಲಿದೋ ಅಂತ ಬೆಂಗಳೂರಿಂದ ರಿಪೋರ್ಟ್ ಬರೋ ಹೊತ್ತಿಗೆ ಜ್ವರ ಬುಟ್ಟು ಹದಿನೈದು ದಿನ ಆಗಿತ್ತು, ಅದನ್ನ ಓದೋ ತೊಂದರೆ ಯಾರೂ ತಗೊಳ್ಳಲಿಲ್ಲ. ಟೀಚರಮ್ಮನೂ ಎದ್ರು. ಅವರಿಗೆ ಮೊದಲು ಫೋನ್ ಮಾಡಿ ಹುಡುಗಿ ಉಳಿದ್ಲು ಅಂತ ಹೇಳಿದೋನು ನಾನೇ. ಆ ಕಡೆಯಿಂದ, "ನಿಜ ತಾನೆ ಸರ್?" ಅಂದ್ರು.

ನನಗೆ ಊರಲ್ಲಿ ಹಾರ ಹಾಕ್ತಾರೆ ಅಂತ ಕಾಯ್ತಿದ್ದೆ. ಆದ್ರೆ ಅಷ್ಟ್ರಲ್ಲಿ ಅಜ್ಜಿ ಡೇರಿ ಹತ್ರ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಹಾಲಿನ ಕ್ಯಾನ್ ಇಟ್ಕೊಂಡು ನಿಂತು ಕಥೆ ಹೇಳಿ ಮುಗಿಸಿದ್ಲು.

"ಮೇಷ್ಟ್ರು ನಮ್ಮ ಮಗಿಂದೇ ಸಾವಿನ ಸುದ್ದಿ ಹೊತ್ಕೊಂಡು ಬಂದಿದ್ರು ಕಣ್ರೀ. ನಾನು ಬುಡ್ತೀನಾ? ಒಳಕ್ಕೆ ಕರೆದು, ಮಣೆ ಹಾಕಿ, ಒಂದು ಲೋಟ ಮಜ್ಜಿಗೆ ಕುಡಿಸ್ದೆ. ಸುದ್ದಿ ಅಲ್ಲೇ ಸತ್ತೋಯ್ತು."

ಜನ ತಲೆ ಆಡಿಸ್ತಿದ್ರು. ನಾನು ಅಲ್ಲೇ ಸರದೀಲಿ ನಿಂತಿದ್ದೆ. ಕರೆದಿದ್ದು ನೀನಲ್ಲ, ನಾನೇ ಬಂದಿದ್ದು ಅಂತ ಹೇಳ್ಬೋದಿತ್ತು. ಹುಡುಗಿ ಅಜ್ಜಿ ಸೆರಗು ಹಿಡ್ಕೊಂಡು, ಬಾಯಿ ಮುಚ್ಕೊಂಡು, ಮೂಗಲ್ಲೇ ಸಲೀಸಾಗಿ ಉಸಿರಾಡ್ತಾ ನನ್ನ ಕಡೆ ನೋಡ್ತಿದ್ಲು. ಹೌದು ಕಣಜ್ಜಿ, ಮಜ್ಜಿಗೇಲಿ ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು ಅಂದೆ.